ಹಗೇವಿನೊಳಗಿನ ಉಸಿರು

"ಬಾಯಿ ತೆಗ್ದೇಟ್ಗೆ ಇಳೀಬ್ಯಾಡಿ ಸ್ವಾಮಿ. ಒಂದಿನ ಬುಟ್ಟು, ಲಾಟೀನು ಇಳಿಬುಟ್ಟು ನೋಡ್ಬೇಕು. ಅದು ಆರೋದ್ರೆ ನಾವೂ ಆರೋದಂಗೇ."

ಇಲವಾಲದ ಹಿರಿಯ ರೈತರೊಬ್ಬರು ಹೇಳಿದ ಮಾತಿದು. ಮೈಸೂರು–ಹುಣಸೂರು ರಸ್ತೆಯ ಈ ಊರಿನ ರಾಗಿ ಹೊಲಗಳು ನಿವೇಶನಗಳಾಗುತ್ತಿವೆ. ಹಗೇವನ್ನು ಕಣ್ಣಾರೆ ಕಂಡವರೆಲ್ಲ ವಯಸ್ಸಾದವರೇ. ಎತ್ತರದ ಗಟ್ಟಿ ನೆಲದಲ್ಲಿ ಹೂಜಿಯಂತೆ ತೋಡಿದ ಗುಂಡಿ ಅದು: ಕಿರಿದಾದ ಬಾಯಿ, ಅಗಲವಾದ ಹೊಟ್ಟೆ. ಸುತ್ತ ಹುಲ್ಲು, ಮೇಲೆ ಕಲ್ಲುಚಪ್ಪಡಿ, ಸಂದಿಗೆ ಮಣ್ಣು. ಒಳಗಿಟ್ಟ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಕಾಳನ್ನು ಕಾಯುವ ಗುಂಡಿ ದೀಪವನ್ನೇಕೆ ಆರಿಸಬೇಕು? ಆ ಪ್ರಶ್ನೆ ಹಿಡಿದು ಹೊರಟೆ.

ಮೊದಲು ತೆರೆದದ್ದು 1894ರ ಕಿಟ್ಟೆಲ್ ನಿಘಂಟು. 'ಹಗೆ' ಎಂದರೆ ಶತ್ರು, 'ಹಗೆ' ಎಂದರೆ ನೆಲದಡಿಯ ಕಣಜವೂ ಹೌದು. ಎರಡಕ್ಕೂ ನಂಟು ಕಟ್ಟುವ ಆಸೆಯಾಯಿತು, ಆಧಾರವಿಲ್ಲದ್ದರಿಂದ ಕೈಬಿಟ್ಟೆ. ಅಲ್ಲಿಂದ ಬುಕಾನನ್‌ನ ಪ್ರವಾಸ ಕಥನ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಈತನ ಮೂರು ಸಂಪುಟಗಳು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ರಾಗಿಯನ್ನು ಗುಂಡಿಯಲ್ಲಿ ಕೂಡಿಡುವ ಪದ್ಧತಿ ಅವನ ಕಣ್ಣಿಗೂ ಬಿದ್ದಿತ್ತು. ನನಗೆ ಬೇಕಿದ್ದ 'ಏಕೆ' ಸಿಕ್ಕಿದ್ದು ಮಾತ್ರ ಅದಕ್ಕೂ ಹಿಂದಿನ ದಾಖಲೆಗಳಲ್ಲಿ.

1771ರ ಆಗಸ್ಟ್ 17. ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದ ಜೋಸೆಫ್ ಪ್ರೀಸ್ಟ್ಲಿ, ಮೇಣದಬತ್ತಿ ಉರಿದು ಆರಿದ ಗಾಳಿಯೊಳಗೆ ಪುದೀನದ ಕಡ್ಡಿಯೊಂದನ್ನು ಇಟ್ಟ. 27ರಂದು ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. ಇದನ್ನು ಓದುವಾಗ ನನ್ನ ಕಣ್ಣ ಮುಂದಿದ್ದದ್ದು ಇಲವಾಲದ ಲಾಟೀನು. ಗಾಳಿಯ ಗುಣವನ್ನು ಇಬ್ಬರೂ ಕೇಳಿದ್ದು ದೀಪದ ಕುಡಿಯನ್ನೇ.

ಪ್ರೀಸ್ಟ್ಲಿಗೆ ಹೊಳೆಯದ ಸಂಗತಿಯನ್ನು ಹಿಡಿದವನು ಡಚ್ ವೈದ್ಯ ಇಂಗೆನ್‌ಹೌಸ್. 1779ರ ಒಂದೇ ಬೇಸಿಗೆಯಲ್ಲಿ ಐನೂರಕ್ಕೂ ಹೆಚ್ಚು ಪ್ರಯೋಗ ಮಾಡಿ ಅವನು ತೋರಿಸಿದ: ಗಾಳಿ ತಿಳಿಯಾಗುವುದು ಬೆಳಕಿನಲ್ಲಿ, ಅದೂ ಹಸಿರು ಭಾಗದಿಂದ ಮಾತ್ರ. ಕತ್ತಲಲ್ಲಿ ಎಲೆಯೂ ಗಾಳಿ ಕೆಡಿಸುತ್ತದೆ. ಬೇರು, ಹೂವುಗಳಂತೂ ಹಗಲಿನಲ್ಲೂ ಕೆಡಿಸುತ್ತವೆ. 'ಗಿಡಗಳಿಗೆ ಹಗಲು ಅಡುಗೆ, ರಾತ್ರಿ ಉಸಿರಾಟ' ಎಂದು ನಂಬಿರುವವರು ಇಂದಿಗೂ ಇದ್ದಾರೆ. ಉಸಿರಾಟಕ್ಕೆ ಹಗಲು ರಾತ್ರಿಯಿಲ್ಲ. ಹಗಲಲ್ಲಿ ಎಲೆಯ ದುಡಿಮೆ ಅದರ ಖರ್ಚನ್ನು ಮೀರುವುದರಿಂದ ಖರ್ಚು ಕಾಣುವುದಿಲ್ಲ, ಅಷ್ಟೆ. ಹಗೇವಿಗೆ ಸೇರಿದ ಕಾಳಿಗೆ ದುಡಿಮೆಯಿಲ್ಲ, ಬರೀ ಖರ್ಚು. ಒಳಗಿನ ಭ್ರೂಣ ಜೀವಂತ. ಅದು ಪಿಷ್ಟವನ್ನು ಸಕ್ಕರೆಯಾಗಿಸಿ, ಆಮ್ಲಜನಕ ಹೀರಿ, ಇಂಗಾಲದ ಡೈಆಕ್ಸೈಡ್, ನೀರು, ಶಾಖ ಹೊರಬಿಡುತ್ತದೆ. 1783ರಲ್ಲಿ ಲವಾಸಿಯೆ ಮತ್ತು ಲಪ್ಲಾಸ್ ಮಂಜುಗಡ್ಡೆಯ ಪಾತ್ರೆಯಲ್ಲಿ ಗಿನಿಪಿಗ್ ಕೂರಿಸಿ, ಕರಗಿದ ನೀರನ್ನು ಅಳೆದು, ಉಸಿರಾಟವೆಂದರೆ ನಿಧಾನದ ಉರಿ ಎಂದಿದ್ದರು. ಹಗೇವಿನೊಳಗೆ 'ಕಾವು ಇರ್ತದೆ' ಎಂದ ನಮ್ಮ ರೈತರ ಮಾತೂ ಅದೇ.

ಉರಿಯುತ್ತಲೇ ಇದ್ದರೆ ರಾಗಿ ಉಳಿಯುವುದೆಂತು? ಕಾಗದದ ಮೇಲೆ ಲೆಕ್ಕ ಹಾಕಿದೆ. ಒಂದು ಘನ ಮೀಟರ್ ರಾಗಿ ಸುಮಾರು ಏಳು ಕ್ವಿಂಟಲ್ ತೂಗುತ್ತದೆ. ಕಾಳುಗಳ ನಡುವೆ ನೂರಕ್ಕೆ ನಲವತ್ತರಷ್ಟು ಜಾಗ ಗಾಳಿಯದೆಂದು ಇಟ್ಟುಕೊಂಡರೆ 400 ಲೀಟರ್. ಅದರಲ್ಲಿ ಆಮ್ಲಜನಕ 84 ಲೀಟರ್. ಅಷ್ಟನ್ನೂ ಮುಗಿಸಲು ಉರಿಯಬೇಕಾದ ಪಿಷ್ಟ ಸುಮಾರು 95 ಗ್ರಾಂ. ಏಳು ಕ್ವಿಂಟಲ್‌ಗೆ ಒಂದು ಹಿಡಿ ರಾಗಿ! ಬಾಯಿ ಗಟ್ಟಿಯಾಗಿ ಮುಚ್ಚಿದ್ದರೆ ಆ ಹಿಡಿಗೇ ಉಸಿರು ನಿಲ್ಲುತ್ತದೆ; ಉಸಿರಾಡಲು ಗಾಳಿಯಿಲ್ಲದೆ ಹುಳುವೂ ಸಾಯುತ್ತದೆ. ದೀಪ ಆರಿಸುವುದೂ ರಾಗಿ ಕಾಯುವುದೂ ಒಂದೇ ಗಾಳಿ. ತೇವ ಹೆಚ್ಚಿದರೆ ಮಾತ್ರ ಉಸಿರಾಟ ಜೋರಾಗಿ ಬೂಷ್ಟು ಹಿಡಿಯುತ್ತದೆ. ಕಾಳನ್ನು ಗರಿಗರಿಯಾಗಿ ಒಣಗಿಸುತ್ತಿದ್ದುದು, ಎತ್ತರದ ನೆಲ ಆರಿಸುತ್ತಿದ್ದುದು ಅದಕ್ಕೇ.

ಗುಂಡಿಯ ತಳದಲ್ಲಿ ನಿಂತ ಆ ಇಂಗಾಲ ಬಂದದ್ದು ಇಲವಾಲದ ಆಕಾಶದಿಂದಲೇ. ಹ್ಯಾಚ್ ಮತ್ತು ಸ್ಲ್ಯಾಕ್ 1966ರಲ್ಲಿ ಕಬ್ಬಿನಲ್ಲಿ ವಿವರಿಸಿದ ಸಿ-4 ದಾರಿ ರಾಗಿಯದೂ ಹೌದು. ಎಲೆಯ ಹೊರಕೋಶಗಳು ಇಂಗಾಲವನ್ನು ಮೊದಲು ನಾಲ್ಕು ಇಂಗಾಲದ ಆಮ್ಲವಾಗಿ ಹಿಡಿದು, ನರದ ಸುತ್ತಲಿನ ಕೋಶಗಳಿಗೆ ದಾಟಿಸುತ್ತವೆ. ಬಿಸಿಲೇರಿ ನೀರು ಕಡಿಮೆಯಾದಾಗಲೂ ರಾಗಿ ಪಿಷ್ಟ ಕಟ್ಟುವುದಕ್ಕೆ ಇದೂ ಒಂದು ಕಾರಣ.

ನಿಮ್ಮೂರಿನಲ್ಲಿ ಹಗೇವು ಬಲ್ಲ ಹಿರಿಯರಿದ್ದರೆ ಅದರ ಆಳ, ಮಣ್ಣು, ತೆರೆಯುವ ಕ್ರಮವನ್ನು ಕೇಳಿ ಬರೆದಿಡಿ. ಪಾಯ ತೋಡುವಾಗ ಹಳೆಯ ಹಗೇವು ಸಿಕ್ಕರೆ ಕೂಡಲೇ ಇಳಿಯಬೇಡಿ. ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಲ್ಲುತ್ತದೆ, ದೀಪ ಉರಿಯುತ್ತಿರುವಾಗಲೂ ಅದು ಮನುಷ್ಯನನ್ನು ಬೀಳಿಸಬಲ್ಲದು.