ಹಳೆಯ ಎಕ್ಸ್‌ಬಾಕ್ಸ್, ಹೊಸ ಟಿವಿ: ಚಿತ್ರದ ಗುಣಮಟ್ಟ ಸುಧಾರಿಸುವ ಬಗೆ

ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆಯು 2001ರ ನವೆಂಬರ್ 15ರಂದು ಮಾರುಕಟ್ಟೆಗೆ ತಂದ ಮೊದಲ ಎಕ್ಸ್‌ಬಾಕ್ಸ್ ಗೇಮ್ ಕನ್ಸೋಲ್ ಇಂದಿಗೂ ಹವ್ಯಾಸಿಗಳ ಬಳಕೆಯಲ್ಲಿದೆ. 733 ಮೆಗಾಹರ್ಟ್ಸ್ ಪ್ರೊಸೆಸರ್, 64 ಎಂಬಿ ಮೆಮೊರಿ ಹಾಗೂ ಹಾರ್ಡ್ ಡಿಸ್ಕ್ ಹೊಂದಿರುವ ಈ ಯಂತ್ರವು ರಚನೆಯಲ್ಲಿ ಪರ್ಸನಲ್ ಕಂಪ್ಯೂಟರನ್ನೇ ಹೋಲುತ್ತದೆ. ಆದ್ದರಿಂದ ಅದರ ತಂತ್ರಾಂಶವನ್ನು ಬದಲಿಸಿಯೋ ಒಳಗೆ ಹೆಚ್ಚುವರಿ ಚಿಪ್ ಅಳವಡಿಸಿಯೋ ಮಾರ್ಪಡಿಸುವ ಪರಿಪಾಠ ಆರಂಭದಲ್ಲೇ ಬೆಳೆಯಿತು. ಆದರೆ ಮಾರ್ಪಡಿಸಿದ ಕನ್ಸೋಲನ್ನು ಇಂದಿನ ದೊಡ್ಡ ಪರದೆಯ ಟಿವಿಗೆ ಜೋಡಿಸಿದಾಗ ಚಿತ್ರ ಮಸುಕಾಗಿ, ಅಂಚುಗಳಲ್ಲಿ ಬಣ್ಣ ಚೆದುರಿದಂತೆ ಕಾಣುವುದುಂಟು. ಯಂತ್ರ ಹಳತಾಯಿತೆಂದು ಅದನ್ನು ಮೂಲೆಗೆ ಸೇರಿಸುವವರೇ ಹೆಚ್ಚು. ವಾಸ್ತವವಾಗಿ, ಕನ್ಸೋಲ್ ಇದಕ್ಕಿಂತ ಬಹಳ ಉತ್ತಮ ಚಿತ್ರವನ್ನು ನೀಡಬಲ್ಲದು. ದೋಷವಿರುವುದು ಬಹುತೇಕ ಕೇಬಲ್ ಮತ್ತು ಸೆಟ್ಟಿಂಗ್‌ನಲ್ಲಿ.

ಕೇಬಲ್‌ನಲ್ಲಿದೆ ಮೊದಲ ವ್ಯತ್ಯಾಸ

ಕನ್ಸೋಲ್ ಜೊತೆ ದೊರೆಯುತ್ತಿದ್ದ ಸಾಧಾರಣ ಕೇಬಲ್‌ನಲ್ಲಿ ಹಳದಿ ಪಿನ್ನಿನ ಒಂದೇ ತಂತಿಯ ಮೂಲಕ ಬೆಳಕು ಮತ್ತು ಬಣ್ಣದ ಸಂಕೇತಗಳೆರಡೂ ಬೆರೆತು ಹರಿಯುತ್ತವೆ. ಕಾಂಪೋಸಿಟ್ ಎಂದು ಕರೆಯಲಾಗುವ ಈ ವಿಧಾನದಲ್ಲಿ, ಬೆರೆತ ಸಂಕೇತಗಳನ್ನು ಟಿವಿ ಪೂರ್ಣವಾಗಿ ಬೇರ್ಪಡಿಸಲಾರದು. ಅಕ್ಷರಗಳ ಅಂಚಿನಲ್ಲಿ ಚುಕ್ಕೆಗಳು ಹರಿದಾಡಲು, ಕೆಂಪು ಬಣ್ಣ ಹರಡಿದಂತೆ ಕಾಣಲು ಇದೇ ಕಾರಣ. ಎಸ್-ವಿಡಿಯೊ ಕೇಬಲ್ ಬೆಳಕು ಹಾಗೂ ಬಣ್ಣವನ್ನು ಪ್ರತ್ಯೇಕ ತಂತಿಗಳಲ್ಲಿ ಒಯ್ಯುವುದರಿಂದ ಸ್ವಲ್ಪ ಉತ್ತಮ. ಯುರೋಪಿನಲ್ಲಿ ಬಳಕೆಯಲ್ಲಿದ್ದ ಆರ್‌ಜಿಬಿ ಸ್ಕಾರ್ಟ್ ಕೇಬಲ್‌ನಲ್ಲಿ ಬಣ್ಣಗಳು ಇನ್ನಷ್ಟು ಶುದ್ಧವಾಗಿರುತ್ತವೆ.

ಇವೆಲ್ಲಕ್ಕಿಂತ ಮಿಗಿಲಾದದ್ದು ಹಸಿರು, ನೀಲಿ, ಕೆಂಪು ಪಿನ್ನುಗಳ ಕಾಂಪೊನೆಂಟ್ ಕೇಬಲ್. ಉಳಿದ ಕೇಬಲ್‌ಗಳು ಪರದೆಯ ಗೆರೆಗಳನ್ನು ಒಂದು ಬಾರಿ ಸಮ, ಮತ್ತೊಂದು ಬಾರಿ ಬೆಸ ಎಂದು ಎರಡು ಕಂತುಗಳಲ್ಲಿ ಕಳುಹಿಸುತ್ತವೆ. ಕಾಂಪೊನೆಂಟ್ ಮೂಲಕವಾದರೆ 480 ಗೆರೆಗಳೂ ಒಮ್ಮೆಲೇ ತಲುಪುವ 480ಪಿ ವಿಧಾನ ಸಾಧ್ಯವಾಗುತ್ತದೆ. ಈ ಕನ್ಸೋಲ್‌ನ ಬಹುಪಾಲು ಆಟಗಳು 480ಪಿಯನ್ನು ಬೆಂಬಲಿಸುತ್ತವೆ. 'ಸೋಲ್ ಕ್ಯಾಲಿಬರ್ 2'ರಂತಹ ಕೆಲವೇ ಆಟಗಳು 720ಪಿಯವರೆಗೂ ಹೋಗುತ್ತವೆ.

ಪಾಲ್ ಕನ್ಸೋಲ್‌ನ ಮುಚ್ಚಿದ ಬಾಗಿಲು

ಮಾರ್ಪಾಡು ನೆರವಿಗೆ ಬರುವುದು ಇಲ್ಲಿಯೇ. ಅಮೆರಿಕದ ಎನ್‌ಟಿಎಸ್‌ಸಿ ಮಾದರಿಗಳಲ್ಲಿ 480ಪಿ, 720ಪಿ ಹಾಗೂ 1080ಐ ಆಯ್ಕೆಗಳು ಲಭ್ಯವಿದ್ದವು. ಪಾಲ್ ಪದ್ಧತಿಯ ದೇಶಗಳಿಗಾಗಿ ತಯಾರಾದ ಕನ್ಸೋಲ್‌ಗಳಲ್ಲಿ ಯಂತ್ರಾಂಶಕ್ಕೆ ಸಾಮರ್ಥ್ಯವಿದ್ದರೂ ತಂತ್ರಾಂಶದ ಮಟ್ಟದಲ್ಲಿ ಇವನ್ನು ತಡೆಹಿಡಿಯಲಾಗಿತ್ತು. ಈ ಪ್ರಾದೇಶಿಕ ಮಾಹಿತಿಯು ಮದರ್‌ಬೋರ್ಡ್‌ನಲ್ಲಿರುವ ಇಇಪ್ರಾಮ್ ಎಂಬ ಪುಟ್ಟ ಸ್ಮರಣ ಚಿಪ್‌ನಲ್ಲಿ ದಾಖಲಾಗಿರುತ್ತದೆ. ಮಾರ್ಪಡಿಸಿದ ಕನ್ಸೋಲ್‌ನಲ್ಲಿ ಸೂಕ್ತ ತಂತ್ರಾಂಶ ಬಳಸಿ ವಿಡಿಯೊ ಪದ್ಧತಿಯನ್ನು ಎನ್‌ಟಿಎಸ್‌ಸಿಗೆ ಬದಲಿಸಿದರೆ, ಕಾಂಪೊನೆಂಟ್ ಕೇಬಲ್ ಜೋಡಿಸಿದಾಗ ಮೆನುವಿನಲ್ಲಿ 480ಪಿ ಆಯ್ಕೆ ಕಾಣಿಸಿಕೊಳ್ಳುತ್ತದೆ.

ಭಾರತದ ಬಳಕೆದಾರರಿಗೂ ಈ ಅಂಶ ಮುಖ್ಯ. ಮೈಕ್ರೋಸಾಫ್ಟ್ ಇಲ್ಲಿ ತನ್ನ ಕನ್ಸೋಲ್ ವಹಿವಾಟನ್ನು ಅಧಿಕೃತವಾಗಿ ಆರಂಭಿಸಿದ್ದು 2006ರಲ್ಲಿ, ಎಕ್ಸ್‌ಬಾಕ್ಸ್ 360 ಮೂಲಕ. ಹೀಗಾಗಿ ಮೊದಲ ಎಕ್ಸ್‌ಬಾಕ್ಸ್ ಹೊರದೇಶದಿಂದ ಬಂದದ್ದೇ ಆಗಿರುತ್ತದೆ. ಅದು ಯಾವ ಪ್ರದೇಶದ ಮಾದರಿ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಅಮೆರಿಕದ ಮಾದರಿಯ ಪವರ್ ಸಪ್ಲೈ ಸುಮಾರು 110 ವೋಲ್ಟ್‌ಗೆ ರೂಪಿತವಾದುದು. ಅದನ್ನು ನಮ್ಮ 230 ವೋಲ್ಟ್‌ಗೆ ನೇರವಾಗಿ ಜೋಡಿಸಿದರೆ ಸುಟ್ಟುಹೋಗುವುದರಿಂದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕಡ್ಡಾಯ.

ಸೆಟ್ಟಿಂಗ್‌ಗಳತ್ತ ಗಮನ

ಹಳೆಯ ಟಿವಿಗಳಲ್ಲಿ ಚಿತ್ರ ಮಿನುಗದಿರಲೆಂದು ಕನ್ಸೋಲ್‌ನ ವಿಡಿಯೊ ಚಿಪ್ ಚಿತ್ರವನ್ನು ತುಸು ಮೆದುಗೊಳಿಸುತ್ತದೆ. ಎಕ್ಸ್‌ಬಿಎಂಸಿಯಂತಹ ತಂತ್ರಾಂಶದಲ್ಲಿ ಈ 'ಫ್ಲಿಕರ್ ಫಿಲ್ಟರ್' ಪ್ರಮಾಣವನ್ನು ತಗ್ಗಿಸಬಹುದು. ಆಗ ಅಕ್ಷರಗಳು ಹೆಚ್ಚು ಸ್ಫುಟವಾಗುತ್ತವೆ. ಈ ಕನ್ಸೋಲ್‌ಗೆಂದೇ ಜನಿಸಿದ ಎಕ್ಸ್‌ಬಿಎಂಸಿ ಬಳಿಕ ಕಂಪ್ಯೂಟರ್‌ಗಳಿಗೂ ವಿಸ್ತರಿಸಿ, 2014ರಲ್ಲಿ 'ಕೋಡಿ' ಎಂದು ಹೆಸರು ಬದಲಿಸಿಕೊಂಡಿತು. ಅದರ ಮೆನುವನ್ನು 720ಪಿಯಲ್ಲಿ ತೋರಿಸಬಹುದಾದರೂ, ಇಂದಿನ ಎಚ್‌ಡಿ ಚಲನಚಿತ್ರಗಳನ್ನು ಸರಾಗವಾಗಿ ನಡೆಸುವ ಶಕ್ತಿ 733 ಮೆಗಾಹರ್ಟ್ಸ್ ಪ್ರೊಸೆಸರ್‌ಗಿಲ್ಲ. ಟಿವಿಯಲ್ಲಿ 'ಗೇಮ್ ಮೋಡ್' ಆಯ್ದುಕೊಂಡು, ಅತಿಯಾದ ಶಾರ್ಪ್‌ನೆಸ್ ತಗ್ಗಿಸಿ, ಚಿತ್ರದ ಅನುಪಾತವನ್ನು ಆಟಕ್ಕೆ ತಕ್ಕಂತೆ 4:3 ಅಥವಾ 16:9ಕ್ಕೆ ಹೊಂದಿಸಬೇಕು.

ಹೊಸ ಟಿವಿಗಳಲ್ಲಿ ಹಲವಕ್ಕೆ ಕಾಂಪೊನೆಂಟ್ ಕಿಂಡಿಯೇ ಇಲ್ಲ. ಕಾಂಪೊನೆಂಟ್ ಸಂಕೇತವನ್ನು ಎಚ್‌ಡಿಎಂಐಗೆ ಬದಲಿಸುವ ಅಡಾಪ್ಟರ್‌ಗಳು ಇದಕ್ಕೆ ಪರಿಹಾರ. ಆದರೆ ಕಾಂಪೋಸಿಟ್ ಸಂಕೇತವನ್ನು ಎಚ್‌ಡಿಎಂಐಗೆ ಬದಲಿಸುವ ಅಗ್ಗದ ಸಾಧನಗಳಿಂದ ಪ್ರಯೋಜನವಿಲ್ಲ. ಒಮ್ಮೆ ಬೆರೆತುಹೋದ ಬಣ್ಣವನ್ನು ಅವು ಮರಳಿ ತರಲಾರವು. ಹೆಚ್ಚು ವೆಚ್ಚ ಮಾಡಬಲ್ಲವರಿಗೆ ಒಎಸ್‌ಎಸ್‌ಸಿಯಂತಹ ಬಾಹ್ಯ ಪರಿವರ್ತಕಗಳಿವೆ. ವಿಡಿಯೊ ಚಿಪ್‌ಗೆ ತಲುಪುವ ಮುನ್ನವೇ ಡಿಜಿಟಲ್ ಸಂಕೇತವನ್ನು ಪಡೆಯುವ, ಒಳಗೇ ಬೆಸುಗೆ ಹಾಕಬೇಕಾದ ಎಚ್‌ಡಿಎಂಐ ಬೋರ್ಡ್‌ಗಳೂ ಇವೆ. ಎರಡನೆಯದಕ್ಕೆ ನುರಿತ ಕೈ ಅಗತ್ಯ.

ಮರೆಯಬಾರದ ಎರಡು ಕೆಲಸ

ಯಾವುದೇ ಬದಲಾವಣೆಗೆ ಮುನ್ನ ಇಇಪ್ರಾಮ್ ಮಾಹಿತಿಯ ಪ್ರತಿಯನ್ನು ಕಂಪ್ಯೂಟರ್‌ನಲ್ಲಿ ಉಳಿಸಿಕೊಳ್ಳಬೇಕು. ಹಾರ್ಡ್ ಡಿಸ್ಕ್‌ನ ಬೀಗ ತೆರೆಯುವ ಕೀಲಿಯೂ ಅದರಲ್ಲೇ ಇರುವುದರಿಂದ, ಅದು ಕೆಟ್ಟರೆ ಕನ್ಸೋಲ್ ತನ್ನದೇ ಡಿಸ್ಕನ್ನು ಓದಲಾರದು.

ಎರಡನೆಯದು ಗಡಿಯಾರದ ಕೆಪ್ಯಾಸಿಟರ್. 1.6 ಆವೃತ್ತಿಗೆ ಮುಂಚಿನ ಕನ್ಸೋಲ್‌ಗಳಲ್ಲಿ ಸಮಯವನ್ನು ಕಾಯುವ ಈ ಪುಟ್ಟ ಭಾಗ ವರ್ಷಗಳು ಕಳೆದಂತೆ ಸೋರತೊಡಗುತ್ತದೆ. ಸೋರಿದ ದ್ರವವು ಮದರ್‌ಬೋರ್ಡ್‌ನ ಸೂಕ್ಷ್ಮ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಅದನ್ನು ತೆಗೆದು ಜಾಗವನ್ನು ಶುಚಿಗೊಳಿಸಿದರೆ ಕನ್ಸೋಲ್ ಎಂದಿನಂತೆ ನಡೆಯುತ್ತದೆ. ವಿದ್ಯುತ್ ಸಂಪರ್ಕ ತಪ್ಪಿದಾಗ ಸಮಯವನ್ನು ಮತ್ತೆ ಹೊಂದಿಸಬೇಕಾಗುತ್ತದೆ ಅಷ್ಟೆ.

ಆದ್ದರಿಂದ ಖರ್ಚಿನ ಕ್ರಮವನ್ನು ಹೀಗಿಟ್ಟುಕೊಳ್ಳುವುದು ಲೇಸು: ಮೊದಲು ಕೆಪ್ಯಾಸಿಟರ್ ತಪಾಸಣೆ, ಬಳಿಕ ಉತ್ತಮ ಕಾಂಪೊನೆಂಟ್ ಕೇಬಲ್, ಪಾಲ್ ಮಾದರಿಯಾದರೆ ವಿಡಿಯೊ ಪದ್ಧತಿಯ ಬದಲಾವಣೆ, ಕೊನೆಯಲ್ಲಿ ಪರಿವರ್ತಕ. ಕಾಂಪೋಸಿಟ್‌ನಿಂದ 480ಪಿಗೆ ಬಂದಾಗ ಕಾಣುವಷ್ಟು ದೊಡ್ಡ ಸುಧಾರಣೆ ನಂತರದ ದುಬಾರಿ ಹಂತಗಳಲ್ಲಿ ಕಾಣುವುದಿಲ್ಲ. ಕೆಪ್ಯಾಸಿಟರ್ ಸೋರಿ ಬೋರ್ಡೇ ಕೆಟ್ಟುಹೋದ ಕನ್ಸೋಲ್‌ಗಂತೂ ಎಂತಹ ಕೇಬಲ್ ತಂದರೂ ಉಪಯೋಗವಿಲ್ಲ.