ಕೊನೇ ಬಸ್ಸು, ಕೊನೇ ಡೌಟು

ತುಮಕೂರಿನ ಕಾಲೇಜುಗಳಲ್ಲಿ ರಿವಿಷನ್ ಕ್ಲಾಸಿಗೆ ಟೈಮ್‌ಟೇಬಲ್ ಹಾಕ್ತಿದ್ದದ್ದು ಮೇಷ್ಟ್ರಲ್ಲ, ಬಸ್ಸು. ಸಂಜೆಯಾಯಿತೆಂದರೆ ಕುಣಿಗಲ್ ಕಡೆಯವರು ಬ್ಯಾಗ್ ಹೆಗಲಿಗೇರಿಸುತ್ತಿದ್ದರು. ಗುಬ್ಬಿಯವರಿಗೆ ಅರಸೀಕೆರೆ ಲೈನಿನ ರೈಲಾದರೂ ಇತ್ತು. ತುಮಕೂರಿನಿಂದ ಕುಣಿಗಲ್‌ಗೆ ಅದೂ ಇಲ್ಲ. ಡೌಟು ಕೇಳೋ ಹೊತ್ತಿಗೆ ಉಳಿಯುತ್ತಿದ್ದವರು ಹಾಸ್ಟೆಲ್‌ನವರು, ಊರಿನವರು ಅಷ್ಟೆ.

ದೂರದವರಿಗೂ ಲೈವ್ ಪಾಠ ಮುಟ್ಟಿಸೋ ಯೋಚನೆ ಕೋವಿಡ್ ಕಾಲದ್ದಲ್ಲ. ತುಮಕೂರು ವಿಶ್ವವಿದ್ಯಾಲಯ ಹುಟ್ಟಿದ 2004ರಲ್ಲೇ, ಸೆಪ್ಟೆಂಬರ್ 20ರಂದು, ಪಾಠಕ್ಕೆಂದೇ ಮಾಡಿದ ಎಜುಸ್ಯಾಟ್ ಉಪಗ್ರಹವನ್ನು ಇಸ್ರೋ ಹಾರಿಸಿತು. ಅದರ ಮೊದಲ ಪ್ರಯೋಗಗಳಲ್ಲಿ ನಮ್ಮ ವಿಟಿಯು ಕೂಡ ಇತ್ತು. ಸ್ಟುಡಿಯೋದಲ್ಲಿ ಒಬ್ಬ ಮೇಷ್ಟ್ರು, ಬೇರೆ ಬೇರೆ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪರದೆ ಮುಂದೆ ಹುಡುಗರು. ತಿರುಗಿ ಪ್ರಶ್ನೆ ಕೇಳೋ ಏರ್ಪಾಡೂ ಇತ್ತು. ಆದರೆ ಅಷ್ಟೂ ಕಾಲೇಜಿಗೆ ಕೇಳೋ ಹಾಗೆ "ನಂಗೆ ಅರ್ಥ ಆಗ್ಲಿಲ್ಲ" ಅನ್ನೋಕೆ ಯಾರಿಗೆ ಧೈರ್ಯ? ಮೇಲಾಗಿ ಆ ಪರದೆ ನೋಡೋಕೂ ಬಸ್ಸು ಹಿಡಿದು ಕಾಲೇಜಿಗೇ ಬರಬೇಕಿತ್ತು.

1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ಊರಿದು. ಕಂಪನಿ ನಾಟಕದಲ್ಲಿ ಜನ "ಒನ್ಸ್ ಮೋರ್" ಅಂದರೆ ನಟ ಮತ್ತೆ ಹಾಡಲೇಬೇಕು. ಕ್ಲಾಸಿನಲ್ಲಿ ಹಾಗೆ ಕೂಗಿದವರನ್ನು ನಾನಂತೂ ಕಂಡಿಲ್ಲ.

2020ರ ಮಾರ್ಚ್ ಲಾಕ್‌ಡೌನಿನಲ್ಲಿ ಮೊದಮೊದಲು ವಾಟ್ಸ್ಯಾಪಿಗೆ ಪಿಡಿಎಫ್, ಆಮೇಲೆ ಕಪ್ಪು ಚೌಕಗಳ ಮುಂದೆ ಗಂಟೆಗಟ್ಟಲೆ ಭಾಷಣ. ಜುಲೈನಲ್ಲಿ ಸರ್ಕಾರ ಅಂತಿಮ ವರ್ಷದವರಿಗೆ ಮಾತ್ರ ಪರೀಕ್ಷೆ ಅಂದಿತು. ಕೊನೇ ಸೆಮಿಸ್ಟರಿನವರಿಗೆ ಎದೆ ಢವಢವ. ನನಗೆ ಪರಿಚಯದ ಲೆಕ್ಚರರ್ ಒಬ್ಬರು ಆಗ ಹೊಸ ಪಾಠ ನಿಲ್ಲಿಸಿ, ಹಳೇ ಪ್ರಶ್ನೆಪತ್ರಿಕೆ ಸ್ಕ್ರೀನ್ ಮೇಲಿಟ್ಟು "ಎಲ್ಲಿ ಸಿಕ್ಕಾಕೊಂಡ್ರಿ, ಹೇಳ್ರಪ್ಪಾ" ಅಂತ ಕೂತರು. ಝೂಮ್‌ನ ಬಿಟ್ಟಿ ಮೀಟಿಂಗ್ 40 ನಿಮಿಷಕ್ಕೆ ಕಟ್ ಆಗೋದು, ಅದೇ ಬೆಲ್ಲು. ಹೆಸರು ತೋರಿಸದ ಪೋಲ್‌ನಲ್ಲಿ ಅರ್ಧಕ್ಕರ್ಧ ತಪ್ಪು ಉತ್ತರ ಬಂದರೆ ಹಿಂದಿನ ಹೆಜ್ಜೆಗೆ ವಾಪಸ್. ಮೂರು ವರ್ಷ ಇಂಗ್ಲಿಷಿಗೆ ಹೆದರಿ ಬಾಯಿ ಬಿಡದ ಕುಣಿಗಲ್ ಕಡೆಯ ಹುಡುಗಿಯೊಬ್ಬಳು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಟೈಪ್ ಮಾಡಿದಳಂತೆ: "ಸಾರ್, ಮೂರನೇ ಸ್ಟೆಪ್ ಇನ್ನೊಂದ್ಸಲ." ಹಿಂದೆಯೇ ಹತ್ತು ಜನ: "ನಂಗೂ ಸಾರ್."

ಪಾಠದ ವಿಡಿಯೋವನ್ನು ನಾವು ಎಷ್ಟು ಸಲ ಬೇಕಾದರೂ ಹಿಂದಕ್ಕೆ ತಿರುಗಿಸಬಹುದು, ನಿಜ. ನಾವು ಎಲ್ಲಿ ತಿರುಗಿಸಿದೆವು ಅಂತ ಮೇಷ್ಟ್ರಿಗೆ ಗೊತ್ತಾಗೋದು ಹೇಗೆ?

ಹಾಗಂತ ಎಲ್ಲ ಸಲೀಸೇನಲ್ಲ. ಸಿಗ್ನಲ್‌ಗಾಗಿ ತೋಟದ ಬದು ಹತ್ತಿದವರಿದ್ದರು. ಮನೆಗೆಲ್ಲ ಒಂದೇ ಸ್ಮಾರ್ಟ್‌ಫೋನ್, ಅದು ಅಪ್ಪನ ಜೇಬಿನಲ್ಲಿ. ಹಾಗಾಗಿ ಆ ಮೇಷ್ಟ್ರ ಕ್ಲಾಸು ಶುರುವಾಗ್ತಿದ್ದದ್ದು ರಾತ್ರಿ ಒಂಬತ್ತಕ್ಕೆ, ಅಪ್ಪಂದಿರು ಊಟ ಮುಗಿಸಿ ಫೋನ್ ಕೊಟ್ಟಮೇಲೆ.