ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ: ಗಡಿನಾಡಿನ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ನಿಮಿತ್ತ ತಲಪಾಡಿಯ ಗಡಿರಸ್ತೆ ಮುಚ್ಚಲ್ಪಟ್ಟಾಗ, ಕಾಸರಗೋಡಿನ ಜನ ಚಿಕಿತ್ಸೆಗಾಗಿ ಮಂಗಳೂರನ್ನು ಎಷ್ಟರ ಮಟ್ಟಿಗೆ ಆಶ್ರಯಿಸಿದ್ದಾರೆಂಬುದು ನಾಡಿಗೆಲ್ಲ ತಿಳಿಯಿತು. ತುರ್ತು ಚಿಕಿತ್ಸೆಗೆ ಹೋಗುವವರಿಗೆ ದಾರಿ ತೆರವುಗೊಳಿಸಬೇಕೆಂದು ಏಪ್ರಿಲ್ 1ರಂದು ಕೇರಳ ಹೈಕೋರ್ಟು ಕೇಂದ್ರ ಸರಕಾರಕ್ಕೆ ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಏರಿತು. ಕೆಲವು ಕಾಯಿಲೆಗಳಲ್ಲಿ ಆಸ್ಪತ್ರೆಯ ಭೇಟಿಯನ್ನು ಒಂದೆರಡು ವಾರ ಮುಂದೂಡಬಹುದು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಅದು ಸಾಧ್ಯವಿಲ್ಲ. ಆದರೆ ಆ ಹಂತಕ್ಕೆ ತಲಪುವ ಅನೇಕರ ಕಾಯಿಲೆಯನ್ನು ವರ್ಷಗಳ ಮೊದಲೇ ಎರಡು ಸರಳ ಪರೀಕ್ಷೆಗಳಿಂದ ಗುರುತಿಸಲು ಸಾಧ್ಯ. ನಮ್ಮ ಶಾಲೆಗಳ ಪ್ರತಿಯೊಂದು ಮನೆಯೂ ಇದನ್ನು ಅರಿತಿರಬೇಕೆಂಬುದೇ ಈ ಲೇಖನದ ಉದ್ದೇಶ.

ಕಾಯಿಲೆಯ ಸ್ವರೂಪ

ಬೆನ್ನಿನ ಒಳಭಾಗದಲ್ಲಿ, ಮುಷ್ಟಿಯಷ್ಟು ಗಾತ್ರದ ಎರಡು ಮೂತ್ರಪಿಂಡಗಳಿವೆ. ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಸೋಸುಕಗಳಿರುತ್ತವೆ. ರಕ್ತದ ಕಶ್ಮಲವನ್ನು ಹೊರಹಾಕುವುದು, ನೀರು ಮತ್ತು ಲವಣಗಳ ಸಮತೋಲ ಕಾಯುವುದು, ರಕ್ತದೊತ್ತಡವನ್ನು ನಿಯಂತ್ರಿಸುವುದು, ರಕ್ತಕಣಗಳ ಉತ್ಪತ್ತಿಗೆ ಪ್ರಚೋದನೆ ನೀಡುವುದು ಇವುಗಳ ಕೆಲಸ. ಮೂತ್ರಪಿಂಡದ ಹಾನಿ ಅಥವಾ ಕಾರ್ಯಶಕ್ತಿಯ ಇಳಿಕೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಮುಂದುವರಿದರೆ ಅದನ್ನು ದೀರ್ಘಕಾಲದ ಕಾಯಿಲೆ ಎನ್ನುತ್ತಾರೆ. ನಾಶವಾದ ಸೋಸುಕಗಳು ಮರಳಿ ಹುಟ್ಟುವುದಿಲ್ಲ, ಉಳಿದವನ್ನು ಕಾಪಾಡಿಕೊಳ್ಳಬಹುದು.

ಮೊದಲ ಹಂತಗಳಲ್ಲಿ ನೋವಾಗಲಿ ಮೂತ್ರ ಕಡಿಮೆಯಾಗುವುದಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಕಾಲಿನ ಬಾವು, ನೊರೆ ನೊರೆಯಾದ ಮೂತ್ರ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಆಯಾಸ, ಅರುಚಿ, ತುರಿಕೆ ಮುಂತಾದವು ಕಾಣಿಸುವ ಹೊತ್ತಿಗೆ ಕಾಯಿಲೆ ಬಹಳ ಮುಂದುವರಿದಿರಬಹುದು.

ಯಾರು ಪರೀಕ್ಷಿಸಿಕೊಳ್ಳಬೇಕು?

ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು, ಹೃದ್ರೋಗಿಗಳು, ಮೂತ್ರದಲ್ಲಿ ಕಲ್ಲಿನ ತೊಂದರೆ ಮರುಕಳಿಸುವವರು, ಮನೆತನದಲ್ಲಿ ಮೂತ್ರಪಿಂಡದ ಕಾಯಿಲೆ ಇರುವವರು, ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿದವರು ವರ್ಷಕ್ಕೊಮ್ಮೆಯಾದರೂ ಎರಡು ಪರೀಕ್ಷೆ ಮಾಡಿಸಿಕೊಳ್ಳಬೇಕು. ಒಂದು, ಮೂತ್ರದ ಆಲ್ಬುಮಿನ್. ಇನ್ನೊಂದು, ರಕ್ತದ ಕ್ರಿಯಾಟಿನಿನ್. ಜತೆಗೆ ರಕ್ತದೊತ್ತಡವನ್ನೂ ನೋಡಿಸಬೇಕು. ಇದಕ್ಕೆ ಮಂಗಳೂರಿಗೆ ಹೋಗಬೇಕಾಗಿಲ್ಲ. ಮೊದಲು ನಿಮ್ಮ ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ. ಆಶಾ ಕಾರ್ಯಕರ್ತೆಯರಲ್ಲಿಯೂ ಕೇಳಬಹುದು.

ವರದಿಯನ್ನು ಓದುವ ಬಗೆ

ಕ್ರಿಯಾಟಿನಿನ್ ಅಂಕಿಯೊಂದನ್ನೇ ನೋಡಿ ಸಮಾಧಾನ ಪಡಬಾರದು. ವಯಸ್ಸು ಮತ್ತು ಲಿಂಗವನ್ನು ಸೇರಿಸಿ ಲೆಕ್ಕ ಹಾಕಿದ ‘ಇಜಿಎಫ್‌ಆರ್’ ಎಂಬ ಅಂಕಿಯೇ ಸೋಸುವ ಶಕ್ತಿಯನ್ನು ಹೆಚ್ಚು ಸರಿಯಾಗಿ ತೋರಿಸುತ್ತದೆ. ಕ್ರಿಯಾಟಿನಿನ್ 1.3 ಎಂದು ಬಂದರೆ 25 ವರ್ಷದ ಯುವಕನಲ್ಲಿ ಈ ಅಂಕಿ ಸುಮಾರು 78, ಅದೇ 1.3 ಇರುವ 60 ವರ್ಷದ ಅಜ್ಜಿಯಲ್ಲಿ ಸುಮಾರು 47. ವರದಿಯಲ್ಲಿ ಈ ಅಂಕಿ ಇಲ್ಲದಿದ್ದರೆ ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳಿರಿ.

90 ಅಥವಾ ಹೆಚ್ಚು ಇದ್ದರೆ ಸೋಸುವ ಶಕ್ತಿ ಸಹಜ. 60ರಿಂದ 89ರ ವರೆಗೆ ಅಲ್ಪ ಇಳಿಕೆ. ಮೂತ್ರದಲ್ಲಿ ಆಲ್ಬುಮಿನ್ ಮುಂತಾದ ಹಾನಿಯ ಗುರುತುಗಳಿದ್ದರೆ ಮಾತ್ರ ಈ ಎರಡು ಹಂತಗಳನ್ನು ಕಾಯಿಲೆ ಎನ್ನುತ್ತಾರೆ. 30ರಿಂದ 59 ಮೂರನೆಯ ಹಂತ, 15ರಿಂದ 29 ನಾಲ್ಕನೆಯದು, 15ಕ್ಕಿಂತ ಕಡಿಮೆ ಐದನೆಯದು. ಮೂತ್ರದ ‘ಎಸಿಆರ್’ ಅಂಕಿ 30ಕ್ಕಿಂತ ಕೆಳಗಿರಬೇಕು. ಒಂದೇ ವರದಿಯಿಂದ ಗಾಬರಿಯಾಗದೆ ವೈದ್ಯರು ಹೇಳಿದಂತೆ ಪರೀಕ್ಷೆಯನ್ನು ಪುನಃ ಮಾಡಿಸಬೇಕು. ಹಳೆಯ ವರದಿಗಳನ್ನೆಲ್ಲ ಒಂದೇ ಕಡತದಲ್ಲಿ ಇಡಿರಿ. ಇಳಿಕೆಯ ವೇಗ ಗೊತ್ತಾಗುವುದು ಅವುಗಳನ್ನು ಹೋಲಿಸಿದಾಗಲೇ.

ತಡೆಯುವ ದಾರಿ

ಸಕ್ಕರೆ ಮತ್ತು ರಕ್ತದೊತ್ತಡದ ಹತೋಟಿಯೇ ಎಲ್ಲಕ್ಕಿಂತ ಮುಖ್ಯವಾದ ರಕ್ಷಣೆ. ‘ಒತ್ತಡ ಸರಿಯಾಯಿತು’ ಎಂದು ಮಾತ್ರೆ ನಿಲ್ಲಿಸುವುದು ನಮ್ಮಲ್ಲಿ ಸಾಮಾನ್ಯ. ಸರಿಯಾಗಿರುವುದು ಮಾತ್ರೆಯಿಂದಲೇ ಎಂಬುದನ್ನು ಮರೆಯಬಾರದು. ಮೂತ್ರಪಿಂಡದ ಹಾನಿಯನ್ನು ನಿಧಾನಗೊಳಿಸುವ ಔಷಧಗಳು ಈಗ ಇವೆ. ಕಾಯಿಲೆ ಬೇಗ ಗೊತ್ತಾದಷ್ಟೂ ಅವುಗಳಿಂದ ಪ್ರಯೋಜನ ಹೆಚ್ಚು. ಹೊಗೆಸೊಪ್ಪು, ಬೀಡಿ ಬಿಡಲೇಬೇಕು.

ಮಂಡಿನೋವು, ಸೊಂಟನೋವುಗಳಿಗೆ ಡೈಕ್ಲೊಫೆನಾಕ್, ಐಬುಪ್ರೊಫೇನ್‌ನಂತಹ ಮಾತ್ರೆಗಳನ್ನು ಅಂಗಡಿಯಿಂದ ತಾವೇ ತಂದು ದಿನವೂ ನುಂಗುವುದು ಅಪಾಯಕರ. ಗಿಡಮೂಲಿಕೆಯೆಂಬ ಕಾರಣಕ್ಕೆ ಎಲ್ಲವೂ ನಿರಪಾಯವೆಂದು ತಿಳಿಯುವುದೂ ತಪ್ಪು. ನಮ್ಮ ಹಿತ್ತಿಲಿನ ಬಿಂಬುಳಿಯೇ ಇದಕ್ಕೆ ನಿದರ್ಶನ. ಕೊಲೆಸ್ಟರಾಲ್ ಇಳಿಯುತ್ತದೆಂದು ಬಿಂಬುಳಿಯ ರಸ ಕುಡಿದು ಮೂತ್ರಪಿಂಡ ಹಠಾತ್ತನೆ ಕೆಟ್ಟ ಹತ್ತು ಮಂದಿಯ ವಿವರವನ್ನು ಕೇರಳದ ವೈದ್ಯರು 2013ರಲ್ಲಿ ಪ್ರಕಟಿಸಿದ್ದಾರೆ. ಆ ಕಾಯಿಯಲ್ಲಿರುವ ಆಕ್ಸಲೇಟ್ ಇದಕ್ಕೆ ಕಾರಣ. ಸಾರಿಗೆ ಹಾಕುವ ಒಂದೆರಡು ಕಾಯಿಯ ಮಾತು ಬೇರೆ, ಲೋಟಗಟ್ಟಲೆ ರಸದ ಮಾತು ಬೇರೆ. ಕಾಯಿಲೆ ಇರುವವರು ದಾರೆಹುಳಿಯನ್ನಂತೂ ತಿನ್ನಲೇಬಾರದು.

ಮಳೆಗಾಲದಲ್ಲಿ ತೋಟ, ಗದ್ದೆ, ತೋಡುಗಳಲ್ಲಿ ದುಡಿಯುವವರಿಗೆ ಇಲಿಜ್ವರದ ಭಯವಿದೆ. ಅದು ಮೂತ್ರಪಿಂಡಕ್ಕೆ ಬೇಗನೆ ಹಾನಿ ಮಾಡಬಲ್ಲದು. ಕಾಲಿನ ಗಾಯ ಮುಚ್ಚಿಕೊಳ್ಳುವುದು, ಮುಂಜಾಗ್ರತೆಯ ಮಾತ್ರೆಯ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ಕೇಳುವುದು, ಜ್ವರ ಬಂದರೆ ಮಾಡುವ ಕೆಲಸವನ್ನು ವೈದ್ಯರಿಗೆ ತಿಳಿಸುವುದು ಅಗತ್ಯ.

ಊಟದ ವಿಚಾರ

ದಿನಕ್ಕೆ ಒಬ್ಬರಿಗೆ ಐದು ಗ್ರಾಂ, ಅಂದರೆ ಒಂದು ಸಣ್ಣ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಿಡಿ ಉಪ್ಪಿನಕಾಯಿ, ಹಪ್ಪಳ, ಉಪ್ಪುಸೊಳೆ, ಒಣಮೀನುಗಳ ಉಪ್ಪೂ ಈ ಲೆಕ್ಕಕ್ಕೆ ಸೇರಬೇಕು. ಗಂಜಿಯೂಟ ಕೆಡುಕಲ್ಲ, ಅದರ ಜತೆಗೆ ನೆಂಜಿಕೊಳ್ಳುವುದರಲ್ಲಿ ಹಿತಮಿತ ಬೇಕು.

ಎಳನೀರು, ಬಾಳೆಹಣ್ಣು ಆರೋಗ್ಯವಂತರಿಗೆ ಒಳ್ಳೆಯವೇ. ಆದರೆ ಕಾಯಿಲೆ ಮುಂದುವರಿದು ರಕ್ತದಲ್ಲಿ ಪೊಟಾಸಿಯಂ ಏರಿದವರಿಗೆ ಅವೇ ಹೃದಯದ ಬಡಿತವನ್ನು ತಪ್ಪಿಸಬಲ್ಲವು. ಸೋಡಿಯಂ ಕಡಿಮೆ ಎಂದು ಮಾರುವ ಉಪ್ಪಿನಲ್ಲಿ ಹೆಚ್ಚಾಗಿ ಪೊಟಾಸಿಯಂ ಇರುತ್ತದೆ. ಇಂಥವರು ಅದನ್ನು ಬಳಸಬಾರದು. ಹೆಚ್ಚು ನೀರು ಕುಡಿದರೆ ಕಾಯಿಲೆ ವಾಸಿಯಾಗುತ್ತದೆಂಬುದೂ ಸರಿಯಲ್ಲ. ಬಾವು ಇರುವವರು ಎಷ್ಟು ನೀರು ಕುಡಿಯಬೇಕೆಂಬುದನ್ನು ವೈದ್ಯರೇ ಹೇಳಬೇಕು.

ಮಕ್ಕಳ ಬಗ್ಗೆ

ಬೆಳಗ್ಗೆ ಏಳುವಾಗ ಮುಖ, ಕಣ್ಣರೆಪ್ಪೆ ಊದಿದ್ದರೆ, ಮೂತ್ರ ಕೆಂಪಾಗಿ ಅಥವಾ ನೊರೆಯಾಗಿ ಹೋದರೆ, ಜ್ವರದೊಂದಿಗೆ ಮೂತ್ರದ ಉರಿ ಮರುಕಳಿಸಿದರೆ ಮಗುವನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು. ಶಾಲೆಯ ಶೌಚಾಲಯಕ್ಕೆ ಹೋಗಲು ಹಿಂಜರಿದು ದಿನವಿಡೀ ನೀರು ಕುಡಿಯದೆ, ಮೂತ್ರ ತಡೆದು ಕೂರುವ ಹೆಣ್ಣುಮಕ್ಕಳನ್ನು ಅಧ್ಯಾಪಕರಾದ ನಾವು ಕಾಣುತ್ತಲೇ ಇದ್ದೇವೆ. ನೀರಿನ ಗಂಟೆ ಬಾರಿಸಿದರಷ್ಟೇ ಸಾಲದು, ಶೌಚಾಲಯವೂ ಶುಚಿಯಾಗಿರಬೇಕು. ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಇದನ್ನು ಕೇಳುವ ಹಕ್ಕು ಪ್ರತಿಯೊಬ್ಬ ರಕ್ಷಕರಿಗೂ ಇದೆ.

ಕಾಯಿಲೆ ಮುಂದುವರಿದರೆ

ನಾಲ್ಕನೆಯ ಹಂತದಲ್ಲಿಯೇ ಮುಂದಿನ ಸಿದ್ಧತೆ ಆರಂಭವಾಗಬೇಕು. ಯಂತ್ರದ ಡಯಾಲಿಸಿಸ್ ವಾರಕ್ಕೆ ಎರಡು ಮೂರು ಬಾರಿ, ಪ್ರತಿಸಲ ಸುಮಾರು ನಾಲ್ಕು ಗಂಟೆ ನಡೆಯುತ್ತದೆ. ಅದಕ್ಕಾಗಿ ಕೈಯಲ್ಲಿ ಫಿಸ್ಟುಲಾ ಮಾಡಿಸಿದವರು ಆ ಕೈಯಿಂದ ರಕ್ತ ತೆಗೆಯಲು, ಒತ್ತಡ ನೋಡಲು ಬಿಡಬಾರದು. ಹೊಟ್ಟೆಯ ಮೂಲಕ ಮನೆಯಲ್ಲಿಯೇ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್ ಕೂಡ ಇದೆ. ದೂರದ ಊರಿನವರು ಇದರ ಬಗ್ಗೆ ವಿಚಾರಿಸಬೇಕು. ಮೂತ್ರಪಿಂಡದ ಕಸಿ 1994ರ ಅಂಗಾಂಗ ಕಸಿ ಕಾನೂನಿಗೆ ಒಳಪಟ್ಟಿದೆ. ಅಂಗದ ಮಾರಾಟ ಅಪರಾಧ.

ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸಾ ನೆರವಿದೆ. ನಿಮ್ಮ ಕಾರ್ಡು ಮಂಗಳೂರಿನ ಆಸ್ಪತ್ರೆಯಲ್ಲಿ ನಡೆಯುವುದೇ ಎಂಬುದನ್ನು ದಾಖಲಾಗುವ ಮೊದಲೇ ಕೇಳಿರಿ. ಮಂಗಳೂರಿನಲ್ಲಿ ಡಯಾಲಿಸಿಸ್ ಮಾಡಿಸುವವರು ಗಡಿಯ ಈಚೆಗಿನ ಹತ್ತಿರದ ಕೇಂದ್ರವನ್ನೂ ಗೊತ್ತುಮಾಡಿಕೊಂಡು, ವರದಿಗಳ ಪ್ರತಿಗಳನ್ನು ಮನೆಯಲ್ಲಿ ಇಟ್ಟಿರಬೇಕು. 2020 ಕಲಿಸಿದ ಪಾಠವಿದು.

ಭಾಷೆ ಮತ್ತು ಆರೋಗ್ಯ

ಆಸ್ಪತ್ರೆಯಲ್ಲಿ ಕೇಳಿಬರುವ ಮಲಯಾಳದ ‘ವೃಕ್ಕ’ ಎಂದರೆ ಮೂತ್ರಪಿಂಡ. ‘ಪ್ರಮೇಹಂ’ ಎಂದರೆ ಸಕ್ಕರೆ ಕಾಯಿಲೆ. ‘ರಕ್ತಸಮ್ಮರ್ದಂ’ ಎಂದರೆ ರಕ್ತದೊತ್ತಡ. ಕಾಲಿನಲ್ಲಿ ‘ನೀರ್’ ಉಂಟೇ ಎಂದು ಕೇಳಿದರೆ, ಕೇಳುತ್ತಿರುವುದು ಬಾವಿನ ವಿಷಯ. ಈ ನಾಲ್ಕು ಪದಗಳನ್ನಾದರೂ ಮನೆಯ ಹಿರಿಯರಿಗೆ ತಿಳಿಸಿರಿ. ಅರ್ಥವಾಗದ್ದನ್ನು ಅರ್ಥವಾಯಿತೆಂದು ತಲೆಯಾಡಿಸಿ ಬರುವುದು ಬೇಡ. ಮಾತ್ರೆ ಎಷ್ಟು, ಯಾವಾಗ ಎಂಬುದನ್ನು ಕನ್ನಡದಲ್ಲಿ ಬರೆಸಿಕೊಳ್ಳಿರಿ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಡನೆ ವ್ಯವಹರಿಸಿ ಅದೇ ಭಾಷೆಯಲ್ಲಿ ಉತ್ತರ ಪಡೆಯಲು 1969ರ ಕೇರಳ ಅಧಿಕೃತ ಭಾಷಾ ಕಾನೂನು ಅವಕಾಶ ನೀಡಿತು. ಆರೋಗ್ಯ ಕೇಂದ್ರಗಳ ಸೂಚನಾ ಫಲಕ, ಕರಪತ್ರಗಳು ಕನ್ನಡದಲ್ಲಿಯೂ ಇರಬೇಕೆಂದು ನಾವು ಕೇಳುವುದು ಅಭಿಮಾನಕ್ಕಾಗಿ ಮಾತ್ರವಲ್ಲ, ಜೀವರಕ್ಷಣೆಗಾಗಿಯೂ ಹೌದು.

ಈ ವಾರವೇ ಒಂದು ಕೆಲಸ ಮಾಡೋಣ. ಮನೆಯಲ್ಲಿ ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರ ಹಳೆಯ ವರದಿಗಳನ್ನು ಹೊರತೆಗೆದು, ಮೂತ್ರದ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಕೊನೆಯದಾಗಿ ಯಾವಾಗ ನೋಡಿಸಿದ್ದೆಂದು ಮಕ್ಕಳಿಂದಲೇ ಓದಿಸೋಣ. ವರ್ಷ ಕಳೆದಿದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ಮಾಡಿಸೋಣ.